ಕೂಲಿಯಲ್ಲಿ ದಾರಿಯ ಪಾಲು

ಗೃಹಸ್ಥನಾದವನು ಅಕ್ಕಿಬೇಳೆಗಳ ಲೆಕ್ಕವನ್ನು ಬರೆದಿಡುವನು. ಹಾಲಿನವನ ಬಾಕಿಯನ್ನೂ ಮಕ್ಕಳ ಶಾಲೆಯ ಶುಲ್ಕವನ್ನೂ ಬರೆದಿಡುವನು. ಆದರೆ ತನ್ನ ಮನೆಯ ಪಾತ್ರೆ ಬೆಳಗುವವಳು, ಗಿಡಗಳಿಗೆ ನೀರು ಹಾಕುವವನು, ರಾತ್ರಿಯಲ್ಲಿ ಬಾಗಿಲು ಕಾಯುವವನು, ಇವರು ಎಷ್ಟು ದೂರದಿಂದ, ಏತರಲ್ಲಿ, ಎಷ್ಟು ವೆಚ್ಚಮಾಡಿಕೊಂಡು ಬಂದು ತಲಪುವರೆಂಬುದನ್ನು ಬರೆದಿಟ್ಟ ಗೃಹಸ್ಥನನ್ನು ನಾವು ಇದುವರೆಗೆ ಕಂಡಿಲ್ಲ. ನಾವೂ ಬರೆದಿಟ್ಟವರಲ್ಲ. ಆ ಲೆಕ್ಕ ನಮ್ಮ ಕಣ್ಣಿಗೆ ಬಿದ್ದುದು ನಮ್ಮದೇ ಒಂದು ತಪ್ಪಿನಿಂದ. ಅದನ್ನು ಮೊದಲು ಒಪ್ಪಿಕೊಂಡು ಮುಂದಕ್ಕೆ ಹೋಗುವುದು ನ್ಯಾಯ.

ಬನಶಂಕರಿಯ ಎರಡನೆಯ ಹಂತದಲ್ಲಿರುವ ನಮ್ಮ ಮನೆಗೆ ಹೆಂಗಸೊಬ್ಬಳು ಏಳೆಂಟು ವರ್ಷಗಳಿಂದ ಕೆಲಸಕ್ಕೆ ಬರುತ್ತಿದ್ದಾಳೆ. ಆಕೆಯ ಮನೆ ಕನಕಪುರದ ರಸ್ತೆಯಲ್ಲಿ ವಾಜರಹಳ್ಳಿಯ ಆಚೆ. ಬೆಳಗ್ಗೆ ಏಳು ಗಂಟೆಗೆ ಬರಬೇಕೆಂಬುದು ಮಾತು. ಒಂದು ತಿಂಗಳು ಆಕೆ ನಾಲ್ಕಾರು ದಿನ ಅರ್ಧ ಗಂಟೆ, ಮುಕ್ಕಾಲು ಗಂಟೆ ತಡಮಾಡಿದಳು. ಮನೆಯಲ್ಲಿ ಎಲ್ಲರಿಗೂ ಕಚೇರಿಗೆ ಶಾಲೆಗೆ ಹೊತ್ತಾಗುವ ಸಮಯ, ಸಹನೆ ಕಡಿಮೆ. ತಿಂಗಳ ಕೊನೆಯಲ್ಲಿ ಒಂದು ದಿನದ ಸಂಬಳವನ್ನು ಹಿಡಿದುಕೊಂಡು ಮಿಕ್ಕುದನ್ನು ಕೊಟ್ಟೆವು. ಆಕೆ ಹಣವನ್ನು ಎಣಿಸಿಕೊಂಡು ಸೆರಗಿಗೆ ಗಂಟುಹಾಕಿದಳು, ಜಗಳವಾಡಲಿಲ್ಲ. ಹೊಸ್ತಿಲು ದಾಟುವಾಗ ಮಾತ್ರ ನಮ್ಮ ಮನೆಯಾಕೆಯ ಕಡೆ ತಿರುಗಿ, “ಬಸ್ಸಿಗೆ ಕಾಸು ಕೊಡೋ ಹಂಗಿಲ್ಲ, ನಿಜ ಅಮ್ಮಾವ್ರೆ. ಆದ್ರೆ ಬಸ್ಸು ಬರಬೇಕಲ್ವಾ? ಬಂದ್ರೂ ನಿಮ್ಮನೆ ಬಾಗ್ಲಿಗೆ ಬರಲ್ವಲ್ಲ?” ಎಂದಳು. ಈ ಎರಡು ಪ್ರಶ್ನೆಗಳಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಮರುದಿನ ಬೆಳಗ್ಗೆ ಆರು ಗಂಟೆಗೆ ನಾವು ಬನಶಂಕರಿಯ ಬಸ್ ನಿಲ್ದಾಣಕ್ಕೆ ಹೋಗಿ ನಿಂತೆವು. ಈ ಸ್ಥಳ ವಾಚಕರಲ್ಲಿ ಅನೇಕರಿಗೆ ಪರಿಚಿತವಾದುದೇ. 1915ರಲ್ಲಿ ಬನಶಂಕರಿಯಮ್ಮನ ಗುಡಿ ಇಲ್ಲಿ ನಿರ್ಮಾಣವಾದಾಗ ಇದು ಊರಾಚೆಯ ಬಯಲು. ಇಂದು ಮಂಗಳವಾರ ಶುಕ್ರವಾರಗಳಲ್ಲಿ ರಾಹುಕಾಲದ ನಿಂಬೆಹಣ್ಣಿನ ದೀಪ ಹಚ್ಚಲು ಬರುವ ಭಕ್ತರಿಂದ ಆ ಬೀದಿಯಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಗುಡಿಯ ಸಮೀಪದಲ್ಲಿಯೇ ಬಸ್ ನಿಲ್ದಾಣ, ಅದರ ಮಗ್ಗುಲಿಗೇ 2017ರ ಜೂನ್ ತಿಂಗಳಿನಿಂದ ಮೆಟ್ರೋ ನಿಲ್ದಾಣ. ಉತ್ತರಕ್ಕೆ ಕೃಷ್ಣರಾಜ ಮಾರುಕಟ್ಟೆ, ಮೆಜೆಸ್ಟಿಕ್ಕುಗಳ ದಾರಿ. ದಕ್ಷಿಣಕ್ಕೆ ಕೋಣನಕುಂಟೆ, ತಲಘಟ್ಟಪುರಗಳ ದಾರಿ. ಸಾರಕ್ಕಿಯ ಬಳಿ ಅಡ್ಡಹಾಯುವ ಹೊರವರ್ತುಲ ರಸ್ತೆಯನ್ನು ಹಿಡಿದರೆ ಪೂರ್ವದ ಸಿಲ್ಕ್ ಬೋರ್ಡಿನ ಕಡೆಗೂ ಹೋಗಬಹುದು.

ಸೂರ್ಯೋದಯದ ಹೊತ್ತಿಗೆ ಅಲ್ಲಿ ನೆರೆಯುವ ಜನರನ್ನು ನೋಡಿದರೆ ಈ ಪಟ್ಟಣ ಯಾರ ಹೆಗಲ ಮೇಲೆ ನಡೆಯುತ್ತಿರುವುದೆಂಬುದು ಹೇಳದೆಯೇ ತಿಳಿಯುವುದು. ಮಾರುಕಟ್ಟೆಯಿಂದ ಹೂವಿನ ಕುಕ್ಕೆ ಹೊತ್ತು ಇಳಿಯುವ ಹೆಂಗಸರು, ರಾತ್ರಿಯ ಕಾವಲು ಮುಗಿಸಿ ತೂಕಡಿಸುತ್ತ ಕುಳಿತ ಮುದುಕರು, ಊಟದ ಡಬ್ಬಿ ಹಿಡಿದ ಬಟ್ಟೆ ಕಾರ್ಖಾನೆಯ ಹುಡುಗಿಯರು, ಕರಣೆ ಮಟ್ಟಗೋಲುಗಳನ್ನು ಗೋಣಿಯಲ್ಲಿ ಸುತ್ತಿಕೊಂಡ ಗಾರೆಯವರು. ಎಂಟು ಗಂಟೆಯ ಮೇಲೆ ಅದೇ ಸ್ಥಳಕ್ಕೆ ಬರುವ ನಮ್ಮಂಥವರಿಗೆ ಇವರು ಕಾಣಸಿಗುವುದಿಲ್ಲ. ಅಷ್ಟು ಹೊತ್ತಿಗೆ ಇವರೆಲ್ಲ ನಮ್ಮ ನಮ್ಮ ಮನೆಗಳಲ್ಲಿ, ಅಂಗಡಿಗಳಲ್ಲಿ ಕೆಲಸಕ್ಕೆ ನಿಂತಾಗಿರುವುದು.

ಇವರು ಇಷ್ಟು ದೂರದಿಂದ ಬರುವುದೇಕೆ, ಸಮೀಪದಲ್ಲಿಯೇ ಏಕೆ ಇರಬಾರದು ಎಂದು ಕೇಳಬಹುದು. ಉತ್ತರ ಸುಲಭವಾಗಿದೆ. ಬಡಾವಣೆಯ ನೆಲಕ್ಕೆ ಬೆಲೆ ಏರಿದಂತೆಲ್ಲ ಅಲ್ಲಿನ ಒಂದು ಕೋಣೆಯ ಬಾಡಿಗೆಯೂ ಏರುವುದು. ಕೂಲಿಯವನು ಊರಿನ ಅಂಚಿಗೆ ಸರಿಯುವನು. ಅಂಚು ಬೆಳೆದರೆ ಇನ್ನೂ ಆಚೆಗೆ ಸರಿಯುವನು. ಕೆಲಸವಾದರೋ ಅವನೊಡನೆ ಸರಿಯುವುದಿಲ್ಲ. ಬಾಡಿಗೆ ಅಗ್ಗವಾದಲ್ಲಿ ದಾರಿ ದುಬಾರಿ. ದಾರಿ ಅಗ್ಗವಾದಲ್ಲಿ ಬಾಡಿಗೆ ದುಬಾರಿ. ಈ ಎರಡರ ನಡುವೆ ಬಡವನ ಸಂಸಾರವನ್ನು ಹಿಡಿದಿಟ್ಟಿರುವ ವಸ್ತು ಯಾವುದೆಂದರೆ ಸಾಧಾರಣ ಬಸ್ಸು.

ಈ ಬಸ್ಸಿಗೂ ಒಂದು ಚರಿತ್ರೆಯುಂಟು. ಜಟಕಾ ಮತ್ತು ಕಾಲ್ನಡಿಗೆಗಳೇ ಗತಿಯಾಗಿದ್ದ ಊರಿನಲ್ಲಿ 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪೆನಿ ಸ್ಥಾಪಿತವಾಯಿತು. ಮುಂದೆ ಬಸ್ಸುಗಳು ಸರ್ಕಾರದ ವಶಕ್ಕೆ ಬಂದು, 1997ರಲ್ಲಿ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯೆಂಬ ಪ್ರತ್ಯೇಕ ಸಂಸ್ಥೆಯಾಯಿತು. ಇದನ್ನೇ ಜನರು ಬಿ.ಎಂ.ಟಿ.ಸಿ. ಎನ್ನುವುದು. ಆರು ಸಾವಿರಕ್ಕೆ ಮೇಲ್ಪಟ್ಟ ಬಸ್ಸುಗಳು ಇದರಲ್ಲಿದ್ದರೂ ಕೋಟಿಗೆ ಮೀರಿದ ಜನರಿರುವ ಊರಿಗೆ ಅವು ಸಾಲವೆಂಬುದನ್ನು ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತವರು ಯಾರಾದರೂ ಹೇಳಬಲ್ಲರು.

2023ರ ಜೂನ್ 11ರಿಂದ ನಮ್ಮ ರಾಜ್ಯದಲ್ಲಿ ಶಕ್ತಿ ಎಂಬ ಯೋಜನೆ ನಡೆದುಬಂದಿದೆ. ಕರ್ನಾಟಕದ ನಿವಾಸಿಗಳಾದ ಸ್ತ್ರೀಯರೂ ಲಿಂಗತ್ವ ಅಲ್ಪಸಂಖ್ಯಾತರೂ ಸರ್ಕಾರಿ ಸಂಸ್ಥೆಗಳ ಸಾಧಾರಣ ಬಸ್ಸುಗಳಲ್ಲಿ ಕಾಸಿಲ್ಲದೆ ಪ್ರಯಾಣಮಾಡಬಹುದು. ರಾಜ್ಯದ ವಿಳಾಸವುಳ್ಳ ಗುರುತಿನ ಚೀಟಿಯನ್ನು ತೋರಿಸಿದರೆ ಕಂಡಕ್ಟರು ಶೂನ್ಯ ಟಿಕೆಟನ್ನು ಕೊಡುವನು. ಆ ಹಣವನ್ನು ಸರ್ಕಾರದವರು ಸಂಸ್ಥೆಗಳಿಗೆ ತುಂಬಿಕೊಡಬೇಕು. ಹವಾನಿಯಂತ್ರಿತ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. 2025ರ ಜುಲೈ ಹೊತ್ತಿಗೆ ರಾಜ್ಯದಲ್ಲಿ ಇಂತಹ ಪ್ರಯಾಣಗಳ ಸಂಖ್ಯೆ 500 ಕೋಟಿಯನ್ನು ದಾಟಿತು.

ಈ ಯೋಜನೆಯ ವಿಷಯದಲ್ಲಿ ಪರವಾಗಿಯೂ ವಿರೋಧವಾಗಿಯೂ ಬಹಳ ಮಾತುಗಳು ನಡೆದಿವೆ. ಬಸ್ಸುಗಳಲ್ಲಿ ನೂಕುನುಗ್ಗಲು ಹೆಚ್ಚಿತೆನ್ನುವರು, ಅದು ಸುಳ್ಳಲ್ಲ. 2025ರ ಜನವರಿ 5ರಿಂದ ಪ್ರಯಾಣದರ ಶೇಕಡ 15ರಷ್ಟು ಏರಿದಾಗ, ಹೆಂಗಸರ ಟಿಕೆಟನ್ನು ಗಂಡಸರ ಕೈಯಲ್ಲಿ ಕೊಡಿಸುತ್ತಿರುವರೆಂದು ಕೆಲವರು ದೂರಿದರು. ಡೀಸೆಲಿನ ಬೆಲೆಯೂ ನೌಕರರ ವೇತನವೂ ಏರಿದುದೇ ಕಾರಣವೆಂದು ಸರ್ಕಾರದವರು ಹೇಳಿದರು. ಆ ವಾದದ ಇತ್ಯರ್ಥ ನಮ್ಮ ಕೆಲಸವಲ್ಲ. ನಮ್ಮ ಕೆಲಸದಾಕೆ ಹೇಳಿದುದನ್ನು ಮಾತ್ರ ಬರೆಯುತ್ತೇವೆ. ಟಿಕೆಟು ಕೊಳ್ಳಬೇಕಾಗಿದ್ದ ಕಾಲದಲ್ಲಿ ಆಕೆ ಒಂದು ಸ್ಟೇಜು ಮುಂಚೆಯೇ ಇಳಿದು ನಡೆಯುತ್ತಿದ್ದಳಂತೆ. ವಾರಕ್ಕೊಮ್ಮೆ ತಾಯಿಯನ್ನು ನೋಡಲು ಹೋಗುವುದಕ್ಕೂ ಹಿಂದುಮುಂದು ನೋಡುತ್ತಿದ್ದಳಂತೆ. ಈಗ ಎರಡು ಕಡೆ ಕೆಲಸ ಹಿಡಿದಿದ್ದಾಳೆ. ಆಸ್ಪತ್ರೆಗೆ ಹೋಗಬೇಕಾದಾಗ ಯಾರನ್ನೂ ಕಾಸು ಕೇಳುವುದಿಲ್ಲ. ಬಡಹೆಂಗಸಿಗೆ ಇದು ಸಣ್ಣ ಸ್ವಾತಂತ್ರ್ಯವಲ್ಲ.

ಹಾಗಾದರೆ ತೊಂದರೆ ಎಲ್ಲಿ? ತೊಂದರೆ ಟಿಕೆಟಿನಲ್ಲಿಲ್ಲ, ಕಾಯುವುದರಲ್ಲಿದೆ. ದೊಡ್ಡ ದಾರಿಯಲ್ಲಿಲ್ಲ, ಕೊನೆಯ ಚಿಕ್ಕ ದಾರಿಯಲ್ಲಿದೆ. ವಾಜರಹಳ್ಳಿಯಿಂದ ಬನಶಂಕರಿಯವರೆಗೆ ದಾರಿ ನೇರವಾದುದು, ಬಸ್ಸುಗಳೂ ಇವೆ. ಅಲ್ಲಿಂದ ನಮ್ಮ ಮನೆ ಎರಡು ಕಿಲೋಮೀಟರು. ಆ ಕಡೆಗೆ ಹೋಗುವ ಬಸ್ಸನ್ನು ನಾವು ಅಂದು ಮೂವತ್ತೈದು ನಿಮಿಷ ಕಾದೆವು. ಬಸ್ಸು ಬಂದರೆ ಆಕೆ ಏಳಕ್ಕೆ ಮೊದಲೇ ನಮ್ಮ ಮನೆಯಲ್ಲಿರುವಳು, ಬಾರದಿದ್ದರೆ ನಡೆಯುವಳು. ನಾವು ಸಂಬಳದಲ್ಲಿ ಹಿಡಿದುದು ಆಕೆ ನಡೆದ ದಿನಗಳ ಹಣವನ್ನು.

ಆಟೋದಲ್ಲಿ ಬರಬಾರದೆ ಎಂದರೆ ಅದರ ಲೆಕ್ಕವನ್ನು ನೋಡೋಣ. 2025ರ ಆಗಸ್ಟ್ 1ರಿಂದ ಬೆಂಗಳೂರಿನ ಆಟೋಗಳಿಗೆ ನಿಗದಿಯಾದ ದರ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18 ರೂಪಾಯಿ. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಇದರ ಒಂದೂವರೆಯಷ್ಟು. ಹೋಗಲು 36, ಬರಲು 36, ದಿನಕ್ಕೆ 72. ತಿಂಗಳಿಗೆ ಇಪ್ಪತ್ತೈದು ದಿನವೆಂದರೆ 1800 ರೂಪಾಯಿ. ಈಗ ಇದರ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನಿಡಿ: ಊರಿನ ಸಾಧಾರಣ ಬಸ್ಸುಗಳಲ್ಲೆಲ್ಲ ತಿಂಗಳು ಪೂರ್ತಿ ಎಷ್ಟು ಸಲ ಬೇಕಾದರೂ ಓಡಾಡುವ ಪಾಸಿಗೆ 2025ರ ಜನವರಿಯಲ್ಲಿ ಗೊತ್ತುಪಡಿಸಿದ ಬೆಲೆ 1200 ರೂಪಾಯಿ. ಎಂದರೆ, ಕೊನೆಯ ಎರಡು ಕಿಲೋಮೀಟರಿಗೆ ಬೀಳುವ ವೆಚ್ಚ ಇಡೀ ಊರನ್ನು ಸುತ್ತುವ ವೆಚ್ಚದ ಒಂದೂವರೆಯಷ್ಟು! ಇದಕ್ಕಾಗಿ ಆಟೋದವನನ್ನು ದೂರುವುದೂ ತರವಲ್ಲ. ಅವನೂ ಸಾಲದ ಕಂತು ಕಟ್ಟುವ ಬಡವನೇ. ಮುಖ್ಯರಸ್ತೆಗಳಿಗೆ ದೊಡ್ಡ ಬಸ್ಸುಗಳನ್ನು ಕೊಟ್ಟು ಒಳಬೀದಿಗಳನ್ನು ಮರೆತ ವ್ಯವಸ್ಥೆಯ ದೋಷವಿದು. ಬೆಳಗ್ಗೆ ಆರರಿಂದ ಎಂಟರವರೆಗೆ ನಿಲ್ದಾಣದಿಂದ ಒಳಗಿನ ಹಂತಗಳಿಗೆ ಹದಿನೈದು ನಿಮಿಷಕ್ಕೊಂದು ಚಿಕ್ಕ ಬಸ್ಸು ತಪ್ಪದೆ ಹೊರಟರೆ ಸಾವಿರಾರು ಜನರ ನಡಿಗೆ ತಪ್ಪುವುದು.

ಆಕೆಗೆ ಒಬ್ಬ ಮಗನಿದ್ದಾನೆ. ಚಿಕ್ಕಪೇಟೆಯ ಒಂದು ಬಟ್ಟೆಯ ಅಂಗಡಿಯಲ್ಲಿ ಕೆಲಸ. ತಿಂಗಳಿಗೆ ಹದಿನೈದು ಸಾವಿರ ಸಂಬಳ. ಗಂಡಸಾದ್ದರಿಂದ ಶೂನ್ಯ ಟಿಕೆಟು ಅವನಿಗಿಲ್ಲ. ವಾಜರಹಳ್ಳಿಯಿಂದ ಚಿಕ್ಕಪೇಟೆಗೆ ಮೆಟ್ರೋ ರೈಲು ನೇರವಾಗಿ ಹೋಗುವುದು. 2021ರ ಜನವರಿಯಲ್ಲಿ ಹಸಿರು ಮಾರ್ಗ ರೇಷ್ಮೆ ಸಂಸ್ಥೆಯವರೆಗೆ ಬೆಳೆದ ಮೇಲೆ ಈ ಅನುಕೂಲವಾಯಿತು. ಸುಮಾರು ಅರ್ಧ ಗಂಟೆಯ ಪ್ರಯಾಣ, ಬಿಸಿಲಿಲ್ಲ, ಧೂಳಿಲ್ಲ. ಆದರೆ 2025ರ ಫೆಬ್ರವರಿಯ ದರಪಟ್ಟಿಯಂತೆ ಹತ್ತರಿಂದ ಹದಿನೈದು ಕಿಲೋಮೀಟರಿನೊಳಗಣ ದೂರಕ್ಕೆ 60 ರೂಪಾಯಿ. ದಿನಕ್ಕೆ 120, ತಿಂಗಳಿಗೆ 3000. ಕಾರ್ಡಿನಲ್ಲಿ ಕೊಟ್ಟರೆ ಸಿಕ್ಕುವ ಶೇಕಡ 5ರ ರಿಯಾಯಿತಿಯನ್ನು ಕಳೆದರೂ 2850. ಸಂಬಳದ ಐದರಲ್ಲೊಂದು ಪಾಲು ಹಳಿಯ ಮೇಲೆ ಹೋಗುವುದು. ಆದಕಾರಣ ಅವನು ಬಸ್ಸಿನಲ್ಲಿಯೇ ಹೋಗುವನು. ಮೆಟ್ರೋ ಅವನ ತಲೆಯ ಮೇಲೆ ಹಾದುಹೋಗುವುದು.

ಮೆಟ್ರೋವನ್ನು ನಾವು ಹಳಿಯುತ್ತಿಲ್ಲ. ಅದು ಊರಿಗೆ ಬೇಕಾದುದೇ. ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಬೊಮ್ಮಸಂದ್ರದವರೆಗೆ 2025ರ ಆಗಸ್ಟಿನಲ್ಲಿ ಹಳದಿ ಮಾರ್ಗವೂ ತೆರೆದಿದೆ. ಆದರೆ ಸಾರ್ವಜನಿಕರ ಹಣದಿಂದ ಕಟ್ಟಿದ ವಾಹನದಲ್ಲಿ ಬಡವನಿಗೆ ಬೆಲೆಯಿಂದಾಗಲಿ ಮರ್ಯಾದೆಯಿಂದಾಗಲಿ ಬಾಗಿಲು ಮುಚ್ಚಿರಬಾರದು. 2024ರ ಫೆಬ್ರವರಿಯಲ್ಲಿ ರಾಜಾಜಿನಗರದ ನಿಲ್ದಾಣದಲ್ಲಿ, ತಲೆಯ ಮೇಲೆ ಗಂಟು ಹೊತ್ತು ಬಂದ ರೈತನೊಬ್ಬನನ್ನು ಅವನ ಉಡುಪನ್ನು ನೋಡಿ ತಡೆದುದೂ, ಸಹಪ್ರಯಾಣಿಕರು ಅವನ ಪರವಾಗಿ ನಿಂತು ಕೇಳಿದುದೂ, ಅನಂತರ ಭದ್ರತೆಯ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆದುದೂ ವಾಚಕರ ನೆನಪಿನಲ್ಲಿರಬಹುದು. ಟಿಕೆಟು ಕೊಂಡವನ ಬಟ್ಟೆಯನ್ನು ನೋಡುವ ಅಧಿಕಾರ ಯಾರಿಗೂ ಇಲ್ಲ.

ಮಗನ ಲೆಕ್ಕದಲ್ಲಿ ಇನ್ನೊಂದು ಸಂಗತಿ ನಮ್ಮನ್ನು ಬಹಳವಾಗಿ ಯೋಚನೆಗೆ ಹಚ್ಚಿತು. ಅಂಗಡಿಯ ಕೆಲಸದ ಮೇಲೆ ಅವನು ಹಗಲಿನಲ್ಲಿ ಎರಡು ಮೂರು ಸಲ ಊರೊಳಗೆ ಓಡಾಡಬೇಕಾಗಿರುವುದರಿಂದ ಪ್ರತಿದಿನವೂ 80 ರೂಪಾಯಿನ ದಿನದ ಪಾಸನ್ನು ಕೊಳ್ಳುತ್ತಿದ್ದನು. ಇಪ್ಪತ್ತೈದು ದಿನಕ್ಕೆ 2000 ರೂಪಾಯಿ. ತಿಂಗಳ ಪಾಸನ್ನು ಕೊಂಡರೆ 1200. “ಎಂಟುನೂರು ರೂಪಾಯಿ ಸುಮ್ಮನೆ ಕಳೆಯುತ್ತಿರುವೆಯಲ್ಲಪ್ಪ, ತಿಂಗಳ ಪಾಸನ್ನೇ ಏಕೆ ತೆಗೆದುಕೊಳ್ಳಬಾರದು?” ಎಂದು ನಾವು ಜಾಣತನದಿಂದ ಕೇಳಿದೆವು. “ಒಂದನೇ ತಾರೀಕು ಬಾಡಿಗೆ ಕೊಟ್ಟು, ಸಂಘದ ಕಂತು ಕಟ್ಟಿದ ಮೇಲೆ ಒಟ್ಟಿಗೆ ಸಾವಿರದ ಇನ್ನೂರು ಎಲ್ಲಿ ಉಳಿಯುತ್ತೆ ಸಾರ್? ಎಂಬತ್ತಾದ್ರೆ ದಿನಾ ಹೆಂಗೋ ಆಗುತ್ತೆ” ಎಂದನು. ವಾರದ ಪಾಸಿಗಾದರೂ 350 ರೂಪಾಯಿ ಒಟ್ಟಿಗೆ ಬೇಕು. ಕೈಯಲ್ಲಿ ಗಂಟಿರುವವನಿಗೆ ಸರಕು ಅಗ್ಗವಾಗಿ ಸಿಕ್ಕುವುದು. ಇಲ್ಲದವನು ಅದೇ ಸರಕನ್ನು ಬಿಡಿಬಿಡಿಯಾಗಿ ಹೆಚ್ಚು ಬೆಲೆಗೆ ಕೊಳ್ಳುವನು. ಅಕ್ಕಿಯಲ್ಲಿ ಎಣ್ಣೆಯಲ್ಲಿ ನಾವು ಕಂಡಿರುವ ಈ ನ್ಯಾಯ ದಾರಿಯಲ್ಲಿಯೂ ಉಂಟೆಂಬುದನ್ನು ನಾವು ಅಂದು ಕಲಿತೆವು.

ದಾರಿಯ ವೆಚ್ಚವನ್ನು ಯಾರು ಹೊರಬೇಕೆಂಬ ಪ್ರಶ್ನೆ ನಮ್ಮ ಊರಿನದು ಮಾತ್ರವಲ್ಲ. ದೆಹಲಿಯಲ್ಲಿ 2019ರಿಂದಲೂ ತಮಿಳುನಾಡಿನಲ್ಲಿ 2021ರಿಂದಲೂ ಬಸ್ಸುಗಳಲ್ಲಿ ಸ್ತ್ರೀಯರಿಗೆ ಉಚಿತ ಪ್ರಯಾಣವನ್ನು ಏರ್ಪಡಿಸಿದರು. ಯೂರೋಪಿನ ಚಿಕ್ಕ ದೇಶವಾದ ಲಕ್ಸೆಂಬರ್ಗಿನಲ್ಲಿ 2020ರ ಮಾರ್ಚಿಯಿಂದ ಬಸ್ಸು, ಟ್ರಾಮು, ರೈಲುಗಳಲ್ಲಿ ಸರ್ವರಿಗೂ ಉಚಿತ. ಆದರೆ ನಮ್ಮ ಗೃಹಸ್ಥರು ಹೆಚ್ಚಾಗಿ ಗಮನಿಸತಕ್ಕದ್ದು ಬ್ರೆಜಿಲ್ ದೇಶದ ಪದ್ಧತಿ. ಅಲ್ಲಿ 1985ರಲ್ಲಿ ಒಂದು ಕಾಯಿದೆಯಾಯಿತು. ಅದರಂತೆ ಕೆಲಸಗಾರನು ಮನೆಯಿಂದ ಕೆಲಸಕ್ಕೆ ಓಡಾಡುವ ಸಾರ್ವಜನಿಕ ವಾಹನದ ವೆಚ್ಚಕ್ಕಾಗಿ ತನ್ನ ಮೂಲ ವೇತನದಲ್ಲಿ ಶೇಕಡ 6ರವರೆಗೆ ಮಾತ್ರ ಕೊಡಬೇಕು. ಅದಕ್ಕೆ ಮೀರಿದುದನ್ನು ಕೆಲಸ ಕೊಟ್ಟವನು ಕೊಡಬೇಕು. ಮನೆಗೆಲಸದವರೂ ಇದಕ್ಕೆ ಸೇರಿದವರೇ. ನಮ್ಮ ಕೆಲಸದಾಕೆಯ ಮಗನಿಗೆ ಈ ಲೆಕ್ಕವನ್ನು ಹಾಕಿದರೆ ಅವನ ಪಾಲು 900 ರೂಪಾಯಿ. ಅವನು ಕೊಡುತ್ತಿದ್ದುದು 2000. ನಮ್ಮಲ್ಲಿ ಮನೆಗಳಿಗೆ ಇಂತಹ ಕಾಯಿದೆಯಿಲ್ಲ. ಕಾಯಿದೆಯಿಲ್ಲದ ಕಡೆ ಧರ್ಮವಾದರೂ ಇರಬೇಕಷ್ಟೆ.

ಇನ್ನು ಎಲ್ಲಕ್ಕಿಂತ ಅಗ್ಗವಾದ ವಾಹನದ ವಿಚಾರ. ಅದು ಕಾಲು. ಬಸ್ಸಿನಿಂದ ಇಳಿದವರೆಲ್ಲರೂ ಕೊನೆಗೆ ನಡೆಯತಕ್ಕವರೇ. ಆದರೆ ನಡೆಯಲು ದಾರಿಯೆಲ್ಲಿ? ನಿಲ್ದಾಣದಿಂದ ನಮ್ಮ ಮನೆಯವರೆಗೆ ಆಕೆಯ ಜೊತೆಯಲ್ಲಿ ನಾವೂ ನಡೆದುಕೊಂಡು ಬಂದೆವು. ಎತ್ತಿಟ್ಟ ಚಪ್ಪಡಿ, ನಿಂತ ಕಾರು, ಜಲ್ಲಿಯ ರಾಶಿ, ಇವುಗಳಿಂದಾಗಿ ಅರ್ಧ ದಾರಿಯಲ್ಲಿ ಬೀದಿಗೇ ಇಳಿಯಬೇಕಾಯಿತು. ಅಡ್ಡಿಗಳಲ್ಲಿ ಕೆಲವು ನಗರದ ಆಡಳಿತದವರು ಮಾಡಿದುವು. ಕೆಲವು ಗೃಹಸ್ಥರು ಮಾಡಿದುವು. ಹೂಕುಂಡಗಳನ್ನಿಟ್ಟು ಕಾಲುದಾರಿಯನ್ನು ಮುಚ್ಚಿದ್ದ ಒಂದು ಮನೆಯ ಮುಂದೆ ಆಕೆ ಅಭ್ಯಾಸದಿಂದ ಬೀದಿಗಿಳಿದಳು. ಅದು ನಮ್ಮ ಮನೆಯಾಗಿತ್ತು.

ವಾಚಕರಿಗೆ ನಾವು ಬಿನ್ನವಿಸುವುದು ದೊಡ್ಡ ಸುಧಾರಣೆಗಳನ್ನಲ್ಲ. ಬಸ್ಸುಗಳನ್ನು ಹೆಚ್ಚಿಸುವುದು ಸರ್ಕಾರದವರ ಕೆಲಸ. ಅದನ್ನು ಕೇಳುತ್ತಲೇ ಇರೋಣ. ಆದರೆ ಪ್ರತಿಯೊಬ್ಬ ಗೃಹಸ್ಥನೂ ತನ್ನ ಮನೆಯಲ್ಲಿ ಈ ತಿಂಗಳೇ ಮಾಡಬಹುದಾದ ಕೆಲವು ಕಾರ್ಯಗಳಿವೆ. ಮೊದಲನೆಯದು, ಕೆಲಸಕ್ಕೆ ಬರುವವರ ಸಮಯವನ್ನು ನಮ್ಮ ಗಡಿಯಾರದಿಂದ ಮಾತ್ರ ಗೊತ್ತುಮಾಡದೆ ಅವರ ಬಸ್ಸನ್ನು ಕೇಳಿ ಗೊತ್ತುಮಾಡುವುದು. ಅರ್ಧ ಗಂಟೆ ಆಚೀಚೆ ಮಾಡಿದರೆ ಒಂದು ವರ್ಷದ ಜಗಳ ತಪ್ಪುವುದು. ಎರಡನೆಯದು, ಕಾವಲಿನವರಿಗೂ ತೋಟದವರಿಗೂ ತಿಂಗಳ ಪಾಸಿನ ಹಣವನ್ನು ಒಂದನೆಯ ತಾರೀಕಿನಂದೇ ಕೊಡುವುದು; ಸಾಧ್ಯವಿದ್ದವರು ಕೊಡುಗೆಯಾಗಿ ಕೊಡಲಿ, ಇಲ್ಲದವರು ಮುಂಗಡವಾಗಿ ಕೊಡಲಿ. ಅರವತ್ತು ತುಂಬಿದವರಿಗೆ ಸಾಧಾರಣ ಬಸ್ಸುಗಳಲ್ಲಿ ಶೇಕಡ 25ರ ರಿಯಾಯಿತಿಯುಂಟೆಂಬುದನ್ನು ವಯಸ್ಸಾದ ಕೆಲಸಗಾರರಿಗೆ ತಿಳಿಸುವುದು. ಮೂರನೆಯದು, ಹೊರರಾಜ್ಯದಿಂದ ಬಂದು ಇಲ್ಲಿಯೇ ನೆಲೆಸಿರುವ ಹೆಂಗಸಿಗೆ ಗುರುತಿನ ಚೀಟಿಯಲ್ಲಿ ಇಲ್ಲಿನ ವಿಳಾಸವಿಲ್ಲದಿದ್ದರೆ ಶೂನ್ಯ ಟಿಕೆಟು ಸಿಕ್ಕದು. ಅರ್ಜಿ ಬರೆಯಲು ಅಕ್ಷರಬಲ್ಲ ನಾವು ಒಂದು ಮಧ್ಯಾಹ್ನವನ್ನು ಕೊಡಬಹುದು. ನಾಲ್ಕನೆಯದು, ಹಬ್ಬಕ್ಕೋ ನೆಂಟರ ಊಟಕ್ಕೋ ಯಾರನ್ನಾದರೂ ಹೊತ್ತು ಮೀರಿ ನಿಲ್ಲಿಸಿಕೊಂಡರೆ ಆಟೋದ ಬಾಡಿಗೆಯನ್ನು ನಾವೇ ಕೊಟ್ಟು ಕಳುಹಿಸುವುದು. ಕೊನೆಯ ಬಸ್ಸು ನಮ್ಮ ಪಾಯಸಕ್ಕಾಗಿ ಕಾಯುವುದಿಲ್ಲ. ಐದನೆಯದು, ನಮ್ಮ ಮನೆಯ ಮುಂದಿನ ಕಾಲುದಾರಿಯನ್ನು ನಡೆಯುವವರಿಗೆ ಬಿಟ್ಟುಕೊಡುವುದು.

ನಾವು ಏನು ಮಾಡಿದೆವೆಂದು ಕೇಳುವ ಹಕ್ಕು ವಾಚಕರಿಗಿದೆ. ಹಿಡಿದುಕೊಂಡ ಒಂದು ದಿನದ ಸಂಬಳವನ್ನು ಹಿಂದಕ್ಕೆ ಕೊಟ್ಟೆವು. ಏಳು ಗಂಟೆಯನ್ನು ಏಳೂವರೆಯಾಗಿ ಮಾಡಿದೆವು, ಇದಕ್ಕಾಗಿ ಮನೆಯವರೆಲ್ಲ ತಮ್ಮ ತಮ್ಮ ಲೋಟಗಳನ್ನು ತಾವೇ ತೊಳೆದುಕೊಳ್ಳಬೇಕಾಯಿತು, ಯಾರೂ ಸವೆದುಹೋಗಲಿಲ್ಲ. ಹೂಕುಂಡಗಳು ಮಹಡಿಗೆ ಹೋದುವು. ಮಗನ ಪಾಸಿಗೆ 1200 ರೂಪಾಯಿಗಳನ್ನು ಆಕೆಯ ಸಂಬಳದಲ್ಲಿ ಮುಂಗಡವಾಗಿ ಕೊಟ್ಟು, ತಿಂಗಳಿಗೆ ಇನ್ನೂರರಂತೆ ಹಿಡಿದುಕೊಳ್ಳುವುದೆಂದು ಮಾತಾಯಿತು. ಮುಂದಿನ ತಿಂಗಳ ಪಾಸಿನ ಹಣವನ್ನು ಆ ಹುಡುಗ, ಉಳಿದ ಎಂಟುನೂರಕ್ಕೆ ನಾನೂರನ್ನು ಸೇರಿಸಿ ತಾನೇ ಒದಗಿಸಿಕೊಂಡನು. ಅದರ ಮುಂದಿನ ತಿಂಗಳು ಯಾರ ಮುಂದೆಯೂ ನಿಲ್ಲಬೇಕಾಗಲಿಲ್ಲ. ಈ ಸಂಗತಿಯನ್ನು ತಾಯಿ ನಮ್ಮ ಮನೆಯಾಕೆಗೆ ಹೇಳಿದುದು ಪಾತ್ರೆ ತೊಳೆಯುತ್ತ, ಬೇರೆ ಮಾತಿನ ನಡುವೆ.

ಬಸ್ಸು ಈಗಲೂ ಕೆಲವು ದಿನ ಬರುವುದಿಲ್ಲ. ಆಕೆ ಈಗಲೂ ಕೆಲವು ದಿನ ನಡೆದುಕೊಂಡೇ ಬರುತ್ತಾಳೆ. ಆದರೆ ನಮ್ಮ ಮನೆಯ ಲೆಕ್ಕದ ಪುಸ್ತಕದಲ್ಲಿ ಹಾಲಿನ ಬಾಬಿನ ಕೆಳಗೆ ‘ದಾರಿ’ ಎಂಬ ಇನ್ನೊಂದು ಬಾಬು ಸೇರಿದೆ. ವಾಚಕರೂ ತಮ್ಮ ಪುಸ್ತಕದಲ್ಲಿ ಈ ಒಂದು ಸಾಲನ್ನು ಬರೆದು ನೋಡಲಿ. ಅದರ ಮುಂದೆ ಎಷ್ಟು ಹಣವನ್ನು ಬರೆಯಬೇಕೆಂಬುದನ್ನು ಬೆಳಗ್ಗೆ ಮನೆಗೆ ಬರುವವರನ್ನು ಕೇಳಿದರೆ ಅವರೇ ಹೇಳುವರು.